ಸುತ್ತು ಬಳಸಿ ಬಂದ ತಂತಿ

ಕರೆಂಟಿನ ಕಂಬ ಇದ್ದದ್ದು ಅತ್ತೆಯ ಮನೆಯ ಮುಂದೆ. ಅಲ್ಲಿಂದ ಅಂಗಳ ದಾಟಿದರೆ ಅಕೋತ್‌ಳ ಮನೆ. ಆದರೆ ಲುವೊ ಬುಡಕಟ್ಟಿನ ಮನೆತನದಲ್ಲಿ ಹಿರಿಯರನ್ನು ದಾಟಿ ಕಿರಿಯರಿಗೆ ಏನೂ ಬರುವಂತಿಲ್ಲ. ಹಾಗಾಗಿ ತಂತಿ ಹಿರಿಯ ಮಗ ಒಗ್ವೆನೊನ ಮನೆ ಹೊಕ್ಕು, ನಡುವಿನವನ ಮನೆ ಹೊಕ್ಕು, ಬೇಲಿಗುಂಟ ಸುತ್ತಿ ಕೊನೆಗೆ ಕಿರಿಯ ಸೊಸೆ ಅಕೋತ್‌ಳ ಗೋಡೆ ಮುಟ್ಟುತ್ತಿತ್ತು. ಕರೆಂಟಿಗೇನು ಗೊತ್ತು ಹಿರಿತನ ಕಿರಿತನ? ಅಷ್ಟುದ್ದದ ಸಪೂರ ತಂತಿಯಲ್ಲಿ ತೆವಳಿ ಬರುವಷ್ಟರಲ್ಲಿ ಅದು ಸುಸ್ತಾಗಿರುತ್ತಿತ್ತು. ಬಲ್ಬೇನೋ ಉರಿಯುತ್ತಿತ್ತು, ಹಣ್ಣು ಪಪ್ಪಾಯಿಯ ಬಣ್ಣದಲ್ಲಿ.

ಗಂಡ ಮೀನಿಗೆ ಹೋಗಿ ಸರೋವರದ ಪಾಲಾದ ಮೇಲೆ ಅಕೋತ್ ಬೇರೆ ಯಾರ ಹೊಸ್ತಿಲನ್ನೂ ತುಳಿದಿರಲಿಲ್ಲ. ಗಂಡನ ಕಡೆಯ ಗಂಡಸೊಬ್ಬ ವಿಧವೆಯನ್ನು ತನ್ನವಳಾಗಿ ಮಾಡಿಕೊಳ್ಳಬೇಕು. ಅದಕ್ಕೆ ಮೊದಲು ಅವಳು ಹೊಕ್ಕ ಮನೆಗೆ ಚಿರಾ ಎಂಬ ಶಾಪ ಬಡಿಯುತ್ತದೆ, ಮನೆಯವರು ಸೊರಗಿ ಸಾಯುತ್ತಾರೆ ಎಂದು ನಂಬಿಕೆ. ಒಗ್ವೆನೊ ತುದಿಗಾಲಲ್ಲಿ ನಿಂತಿದ್ದ. ಅವಳಿಗೆ ಅವನ ನೆರಳೂ ಬೇಡವಾಗಿತ್ತು.

ಆ ಮಧ್ಯಾಹ್ನ ಮಗ ಒಡೇರೊನ ಎದೆ ಮತ್ತೆ ಸಿಳ್ಳೆ ಹಾಕತೊಡಗಿತು. ಮಳೆಗೆ ಆಸ್ಪತ್ರೆಯ ದಾರಿ ಕೊಚ್ಚಿಹೋಗಿತ್ತು. ದಾದಿ ಕೊಟ್ಟಿದ್ದ, ಔಷಧಿಯನ್ನು ಆವಿ ಮಾಡುವ ಯಂತ್ರದ ಗುಂಡಿ ಒತ್ತಿದಳು. ಅದು ಗುಂಯ್ ಎಂದಿತೇ ಹೊರತು ತಿರುಗಲಿಲ್ಲ.

ಅಂಗಳಕ್ಕೆ ಓಡಿಬಂದಳು. "ಭಾವಾ, ನೆಟ್ಟಗೆ ಒಂದ್ ತಂತಿ ಎಳೀರಿ! ಮಗೂಗೆ ಉಸಿರು ಕಟ್ತಿದೆ!"

ಒಗ್ವೆನೊ ಜಗಲಿಯಿಂದ ಏಳಲಿಲ್ಲ. "ತಂತಿ ಉದ್ದ ಆದಷ್ಟೂ ಕರೆಂಟಿಗೆ ತಡೆ ಜಾಸ್ತಿ. ನಂಗೊತ್ತಿಲ್ವಾ? ಗಿಡ್ಡ ತಂತೀನೂ ಇದೆ. ನೀನು ಒಪ್ಕೊ, ಈಗ್ಲೇ ಎಳೀತೀನಿ."

"ಮಗು ಸಾಯೋ ಹೊತ್ತಲ್ಲಿ ಆಡೋ ಮಾತಾ ಇದು?"

"ಹಠ ನಿಂದು ಅಕೋತ್, ನಂದಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇಂಥವರನ್ನು ನೋಡಿಯೇ. ಒಪ್ಪಿದೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆ ಮಾತಾಡಿದರೆ ಇದೇ ಬೇಲಿಯೊಳಗೆ, ಇದೇ ಮನುಷ್ಯನ ಕೈಕೆಳಗೆ ಸಾಯುವ ತನಕ ಬದುಕಬೇಕು. ಒಳಗೆ ಹೋಗಿ ನೋಡಿದರೆ ಮಗನ ತುಟಿ ನೀಲಿಗಟ್ಟುತ್ತಿತ್ತು. ಮಗುವನ್ನು ಸೊಂಟಕ್ಕೇರಿಸಿ, ಯಂತ್ರವನ್ನು ಕಂಕುಳಲ್ಲಿ ಅವುಚಿಕೊಂಡು, ಮಳೆಯಲ್ಲೇ ಅಂಗಳ ದಾಟಿ ಅತ್ತೆಯ ಮನೆಯೊಳಕ್ಕೆ ನುಗ್ಗಿದಳು.

ಅತ್ತೆ ಕಿರುಚಿಕೊಂಡು ಹೊರಗೋಡಿದಳು. ಒಳಗೆ ಯಂತ್ರ ಭರ್ರನೆ ತಿರುಗತೊಡಗಿತು.

"ಮನೆಗೆ ಬೆಂಕಿ ಇಟ್ಳಲ್ಲ!" ಎನ್ನುತ್ತ ಒಗ್ವೆನೊ ಓಡಿಬಂದು ಆ ಮನೆಯ ಹೊರಗೋಡೆಯ ಮೇನ್ ಸ್ವಿಚ್ಚಿಗೆ ಕೈ ಚಾಚಿದ. ಅಷ್ಟರಲ್ಲಿ ಮುದುಕಿ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು.

"ಸರಿಯಮ್ಮ ಆ ಕಡೆ. ಚಿರಾ ಮೊದ್ಲು ಬಡಿಯೋದು ನಿಂಗೇ."

"ಬಡೀಲಿ. ನಿಮ್ಮಪ್ಪ ಸತ್ತಾಗ ನಾನೂ ನಿಮ್ಮ ದೊಡ್ಡಪ್ಪನ್ನ ಒಪ್ಕೊಂಡೆ ಕಣೋ. ಯಾಕೆ ಗೊತ್ತಾ? ನೀನು ಹಸಿದು ಅಳ್ತಿದ್ದೆ, ಗಂಜಿ ಪಾತ್ರೆ ಅವನ ಮನೇಲಿತ್ತು."

ಒಗ್ವೆನೊನ ಕೈ ಕೆಳಗಿಳಿಯಿತು. ಮುದುಕಿ ಬಾಗಿಲ ಕಡೆ ಕತ್ತು ತಿರುಗಿಸಿ ಕೂಗಿದಳು. "ಉಸಿರಾಡ್ತಿದಾನೇನೇ?"

"ಆಡ್ತಿದಾನೆ ಅತ್ತೆ. ಒಳಗ್ ಬನ್ನಿ, ನೆನೀತಿದೀರಿ."

"ಒಳಗ್ ಬರಕ್ಕೆ ಧೈರ್ಯ ಇಲ್ಲ ಮಗಳೇ. ನೀನು ಬಾಗಿಲು ಹಾಕ್ಕೊ."

 ಮಳೆಯಲ್ಲಿ ನೆನೆಯುತ್ತಿದ್ದರೂ ಸ್ವಿಚ್ಚಿನ ಮುಂದಿನಿಂದ ಮುದುಕಿ ಕದಲಲಿಲ್ಲ.