ರಿಮೋಟು ಹಿಡಿದು ಮಾಡಿದ ಶರಣು

ಗುಡಗೇರಿಯ ಆಚೆ ಹೊಲಗಳ ನಡುವೆ ನಿಂತ ಗಾಳಿಯಂತ್ರಗಳ ಬೋಲ್ಟು ಬಿಗಿಯುವುದರಲ್ಲಿ ಮಡಿವಾಳೆಪ್ಪನ ಸರಿಸಮ ಯಾರೂ ಇರಲಿಲ್ಲ. ಹಾಗಂತ ಅವನೇ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದ. ಬೇರೆಯವರು ಹೊಗಳಲಿ ಎಂದು ಕಾಯುವ ಜಾಯಮಾನ ಅವನದಲ್ಲ. ಈಗ ಮೂರು ವಾರದಿಂದ ಆ ಬಾಯಿಗೆ ಬೀಗ ಬಿದ್ದಿತ್ತು.

ಅವನ ತಂಡದ ಪಾನಾ, ಅಂದರೆ ನಟ್ಟು ಬಿಗಿಯುವ ಸ್ಪ್ಯಾನರು, ಕೈಬಲದಿಂದ ತಿರುಗುವಂಥದ್ದಲ್ಲ. ಪಂಪಿನಿಂದ ಎಣ್ಣೆಯ ಒತ್ತಡ ಬರುತ್ತದೆ, ರಿಮೋಟಿನ ಗುಂಡಿ ಒತ್ತಿದರೆ ನಟ್ಟು ತಿರುಗುತ್ತದೆ, ಪಾನಾದ ಉಕ್ಕಿನ ತೋಳು ಪಕ್ಕದ ನಟ್ಟಿಗೆ ಹೋಗಿ ಆನಿಕೊಳ್ಳುತ್ತದೆ. ನಡುವೆ ಬೆರಳು ಸಿಕ್ಕಿತೋ, ಮುಗಿಯಿತು. ಅದಕ್ಕೇ ನಿಯಮ ಇರುವುದು: ಪಾನಾ ಇಡುವವನ ಬಳಿಯೇ ರಿಮೋಟು ಇರಬೇಕು, ಕೈ ಹಿಂದೆ ತೆಗೆದ ಮೇಲೆ ಅವನೇ ಗುಂಡಿ ಒತ್ತಬೇಕು. ಆದರೆ ಇವರ ತಂಡದಲ್ಲಿ ಬೇರೆಯೇ ರೂಢಿ ಬಿದ್ದುಬಿಟ್ಟಿತ್ತು. ರಿಮೋಟು ಹಿರಿಯನಿಗೆ, ಬಗ್ಗಿ ಪಾನಾ ಇಡುವ ಕೆಲಸ ಕಿರಿಯನಿಗೆ. ಹಿರಿಯ ಎನ್ನಿಸಿಕೊಂಡವನು ನೆಲಕ್ಕೆ ಮೊಣಕಾಲೂರಿದರೆ ಮರ್ಯಾದೆ ಏನುಳಿಯಿತು? ಥೂ, ಎಂಥ ದೊಡ್ಡಸ್ತಿಕೆಯೋ!

ಮೂರು ವಾರದ ಹಿಂದೆ ಒಂದು ದಿನ ಬಮ್ಮಿಗಟ್ಟಿಯ ಮಾಂತೇಶ ಗಾಳಿಯಂತ್ರದ ಪೊಳ್ಳು ಕಂಬದ ಬುಡದೊಳಗೆ ಬೆನ್ನು ತಿರುಗಿಸಿ ಕೂತು ಪಾನಾ ಕೂರಿಸುತ್ತಿದ್ದ. ಮೂವತ್ತರ ಆಳು, ಎರಡು ಮಕ್ಕಳ ತಂದೆ, ಮಡಿವಾಳೆಪ್ಪನನ್ನು ಕಾಕಾ ಎಂದೇ ಕರೆಯುತ್ತಿದ್ದ. ಆಗಲೇ ಹೊಲದ ಮಾಲಕರಾದ ಶಂಕ್ರಪ್ಪನವರು ಬಾಗಿಲಲ್ಲಿ ತಲೆ ಹಾಕಿ, "ಶರಣ್ರೀ ಮಡಿವಾಳೆಪ್ಪ" ಅಂದರು. ದೊಡ್ಡವರು ತಾವಾಗಿ ಮಾತಾಡಿಸಿದ್ದಾರೆ! ಮಡಿವಾಳೆಪ್ಪ ಹಿಗ್ಗಿಹೋದ. "ಶರಣು ಶರಣ್ರೀ ಸಾವ್ಕಾರ್ರ" ಎನ್ನುತ್ತ ಎರಡೂ ಕೈ ಗಟ್ಟಿಯಾಗಿ ಜೋಡಿಸಿದ. ರಿಮೋಟು ಅಂಗೈಗಳ ನಡುವೆಯೇ ಇತ್ತು.

ಮಾಂತೇಶ ಚೀರಿದ. ಅವನ ಬಲಗೈಯ ಎರಡು ಬೆರಳು ಅರ್ಧಕ್ಕೆ ಹೋದವು.

ಹುಬ್ಬಳ್ಳಿಯ ದವಾಖಾನೆಯ ಹೊರಗೆ ಕಂಪನಿಯ ಸುರಕ್ಷತಾ ಅಧಿಕಾರಿ ರೋಹಿಣಿ ಏನಾಯಿತೆಂದು ಕೇಳಿದಾಗ ಮಡಿವಾಳೆಪ್ಪನ ನಾಲಿಗೆ ತಾನಾಗಿಯೇ ಹೊರಳಿತು. "ಅವಸರ ಮಾಡಿ ಕೈ ಇಟ್ಟಾನ್ರೀ ಬಾಯಾರ. ನಾ ನೋಡೂದ್ರಾಗ ಆಗಿಹೋಗಿತ್ರಿ." ಅವರು ಹಾಗೆಯೇ ಬರೆದುಕೊಂಡರು.

ಮೂರು ವಾರದ ಮೇಲೆ ರೋಹಿಣಿ ಅದೇ ಗಾಳಿಯಂತ್ರದ ಕೆಳಗೆ ಎಲ್ಲರನ್ನೂ ಸೇರಿಸಿದರು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮಾಂತೇಶನೂ ಬಂದಿದ್ದ.

"ನಂದ ತಪ್ಪ ಇರಬೇಕ್ರಿ" ಅಂದ ಅವನು. "ಕೈ ತಗಿಯೂದು ತಡಾ ಮಾಡೇನಿ. ಕಾಕಾ ಸುಮ್‌ಸುಮ್ನ ಗುಂಡಿ ಒತ್ತೂ ಮನಷ್ಯಾ ಅಲ್ರಿ."

ಮಡಿವಾಳೆಪ್ಪ ತಲೆ ಎತ್ತಲಿಲ್ಲ. ಬಾಜೂಕ್ಕೆ ನಿಂತಿದ್ದ ಶಂಕ್ರಪ್ಪನವರು ಬೇರೆ ದನಿಗೂಡಿಸಿದರು: "ಮಡಿವಾಳೆಪ್ಪ ಅಗದಿ ಚೊಲೋ ಮನಷ್ಯಾ ಬಾಯಾರ. ಆವತ್ತ ಕೆಲಸದಾಗಿದ್ರೂ ನನಗ ಎರಡೂ ಕೈ ಮುಗದ ಶರಣು ಮಾಡಿದಾಂವ. ಈಗಿನ ಕಾಲ್ದಾಗ ಇಂಥ ಮರ್ಯಾದಿ ಎಲ್ಲೈತ್ರಿ?"

ಮಡಿವಾಳೆಪ್ಪನಿಗೆ ನಾಚಿಕೆಯಿಂದ ಮೈಯೆಲ್ಲ ಬೆವರಿತು. ಭೂಮಿ ಬಾಯಿ ಬಿಟ್ಟರೆ ಅಲ್ಲೇ ಇಳಿದುಹೋಗುತ್ತಿದ್ದ. ರೋಹಿಣಿ ಒಂದು ಹಾಳೆ ಮುಂದೆ ಮಾಡಿದರು. "ಮಾಂತೇಶ, ಬ್ಯಾಸರ ಮಾಡ್ಕೋಬ್ಯಾಡ್ರಿ. ತಪ್ಪು ನಿಮ್ಮದ ಅಂತಾದ್ರ ಇನ್ನ ಈ ಕೆಲಸಕ್ಕ ನಿಮ್ಮನ್ನ ಕರಿಯಾಕ ಬರೂದಿಲ್ಲ. ಇಲ್ಲೊಂದು ಸಹಿ ಮಾಡ್ರಿ."

ಮಾಂತೇಶ ಎಡಗೈಯಲ್ಲಿ ಪೆನ್ನು ಹಿಡಿದ. ಎಳೆಮಕ್ಕಳು ಬರೆಯುವಂತೆ ಮೊದಲ ಅಕ್ಷರವನ್ನು ತಿದ್ದತೊಡಗಿದ. ಅದನ್ನು ಮಾತ್ರ ಮಡಿವಾಳೆಪ್ಪನಿಗೆ ನೋಡಲಾಗಲಿಲ್ಲ.

"ತಡೀ ಮಾಂತೇಶ. ಎಲ್ಲಾರೂ ಹಿಂದ ಸರೀರಿ."

ಹಲಗೆಯ ಮೇಲೆ ಪಾನಾ ಒಂದೇ ಬಿದ್ದಿತ್ತು, ಸುತ್ತ ಯಾರೂ ಇರಲಿಲ್ಲ. ಮಡಿವಾಳೆಪ್ಪ ಪಂಪು ಚಾಲೂ ಮಾಡಿ, ರಿಮೋಟು ಹಿಡಿದು, ಶಂಕ್ರಪ್ಪನವರತ್ತ ತಿರುಗಿ ಎರಡೂ ಕೈ ಜೋಡಿಸಿದ. ಅತ್ತ ಪಾನಾ ಕಟಕ್ಕನೆ ತಿರುಗಿತು.

"ಹಿಂಗಾತ್ರೀ ಬಾಯಾರ. ಮಾಂತೇಶಂದು ಏನೂ ತಪ್ಪಿಲ್ಲ. ರಿಮೋಟು ಅವನ ಕೈಯಾಗ ಇರಬೇಕಿತ್ತು, ದೊಡ್ಡಸ್ತನಕ್ಕ ನಾ ಹಿಡಕೊಂಡಿದ್ದೆ. ಗುಂಡಿ ಒತ್ತಿದಾಂವ ನಾನ. ಸುಳ್ಳ ಹೇಳಿದಾಂವನೂ ನಾನ."

ರೋಹಿಣಿ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡರು. ಶಂಕ್ರಪ್ಪನವರ ಮುಖ ಸಣ್ಣದಾಯಿತು. ಮಾಂತೇಶ ಪೆನ್ನು ಕೆಳಗಿಟ್ಟು ಕಾಕಾನತ್ತ ತಿರುಗಿದ.

"ಮೂರು ವಾರದಿಂದ ನನಗ ನಾನ ಬೈಕೊಳ್ಳಾಕತ್ತೇನ್ರಿ" ಅಂದ. "ಎಲ್ಲಿತ್ತು ನಿನ್ನ ಲಕ್ಷ್ಯ ಅಂತ ಮನ್ಯಾಗ ಹೇಣ್ತೀನೂ ಬೈತಾಳ. ನೀವು ಎರಡ ಸಲ ಮನಿಗೆ ಬಂದ್ರಿ, ಬಾಳೆಹಣ್ಣ ಕೊಟ್ಟ್ರಿ, ಚಾ ಕುಡದ್ರಿ. ಆವಾಗರೆ ಹೇಳಬೇಕಿತ್ತಲ್ರೀ ಕಾಕಾ."

ಕ್ಷಮೆ ಕೇಳಬೇಕೆಂದು ಮಡಿವಾಳೆಪ್ಪನ ಕೈಗಳು ರೂಢಿಯಂತೆ ಮೇಲೆದ್ದವು. ರಿಮೋಟು ಇನ್ನೂ ಅಂಗೈಯಲ್ಲೇ ಇತ್ತು. ಅವನು ಅದನ್ನು ಮೆಲ್ಲಗೆ ನೆಲಕ್ಕಿಟ್ಟು ಪಂಪು ಬಂದ್ ಮಾಡಿದ. ಆಮೇಲೂ ಮಾಂತೇಶನ ಎದುರು ಆ ಕೈಗಳನ್ನು ಜೋಡಿಸಲು ಅವನಿಗೆ ಧೈರ್ಯ ಬರಲಿಲ್ಲ.