ಕೆಂಪು ಹಗ್ಗದ ಉದ್ಘಾಟನೆ

ವಾಘಕಡಾ ಎಂಬ ಬಂಡೆಯ ನಿಜವಾದ ಎತ್ತರ ಯಾರಿಗೂ ಗೊತ್ತಿಲ್ಲ. ಓಕ ಸಾಹೇಬರ ಸಾಹಸ ಶಿಬಿರದ ಫಲಕದಲ್ಲಿ ಎಂಬತ್ತು ಅಡಿ ಎಂದು ಬರೆದಿದೆ. ಅದು ಪುಣೆಯ ತಂದೆತಾಯಿಗಳು ಹೆದರಬಾರದೆಂದು ಬರೆದ ಲೆಕ್ಕ. ಕಾಗೆಗಳು ಆ ಬಂಡೆಯನ್ನು ಒಂದೇ ಉಸಿರಿಗೆ ಹಾರಿ ದಾಟುವುದಿಲ್ಲ. ಅರ್ಧದಲ್ಲಿ ಒಂದು ಬಿರುಕಿನಲ್ಲಿ ಕೂತು, ದಣಿವಾರಿಸಿಕೊಂಡು, ಆಮೇಲೆ ಉಳಿದರ್ಧ ಹಾರುತ್ತವೆ. ನಂಬದವರು ಬಂದು ನೋಡಬಹುದು, ಹೋಗಿಬರುವ ಖರ್ಚು ಅವರದೇ.

ಇಂಥ ಬಂಡೆಯ ಮೇಲಿಂದ, ಶಿಬಿರದಲ್ಲಿ ಕೆಲಸಕ್ಕಿದ್ದ ಕೊಂಡಿಬಾ ಧೆಬೆ ಅರ್ಧ ಮಹಾರಾಷ್ಟ್ರವನ್ನು ಹಗ್ಗ ಕಟ್ಟಿ ಕೆಳಗಿಳಿಸಿದ್ದ. ಪುಣೆಯ ಶಾಲೆಗಳ ಮಕ್ಕಳು, ಬ್ಯಾಂಕಿನ ಗುಮಾಸ್ತರು, ಭಜನಾ ಮಂಡಳಿಯ ಅಜ್ಜಿಯರು, ಇಬ್ಬರು ಹಲ್ಲಿನ ಡಾಕ್ಟರು. ಒಬ್ಬರ ಮೊಣಕೈಯೂ ತರಚಿರಲಿಲ್ಲ. ಅವನು ಇಳಿಸದೆ ಉಳಿದವರು ಊರ ಶಾಲೆಯ ಮಕ್ಕಳು, ಅವರಲ್ಲಿ ಅವನ ಸ್ವಂತ ಮಗಳು ಮಂಜಿರಿಯೂ ಒಬ್ಬಳು.

ಇದಕ್ಕೆ ಕಾರಣ ಓಕ ಸಾಹೇಬರ ನಿಯಮ. ಊರ ಶಾಲೆಯ ಮಕ್ಕಳು ಪುಕ್ಕಟೆ ಇಳಿಯಬಹುದು, ಆದರೆ ಹಣ ಕೊಟ್ಟು ಬಂದವರ ಸರದಿ ಮುಗಿದ ಮೇಲೆ, ಬೆಳಕು ಉಳಿದಿದ್ದರೆ ಮಾತ್ರ. ಬೆಳಕು ಉಳಿದದ್ದೇ ಇಲ್ಲ. ಒಂದು ಸಲ ಒಬ್ಬ ಮ್ಯಾನೇಜರು ಅಂಚಿನಲ್ಲಿ ನಿಂತು ತನಗೆ ಗೊತ್ತಿದ್ದ ಸ್ತೋತ್ರಗಳನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ನಕ್ಷತ್ರಗಳು ಮೂಡಿದ್ದವು. ಇನ್ನೊಂದು ಸಲ ಒಂದು ಕಾನ್ವೆಂಟಿನ ಹುಡುಗಿಯ ಎಡಗಾಲಿನ ಬೂಟು ಕಳೆದು, ಸಂಜೆಯವರೆಗೆ ಎಲ್ಲರೂ ಕಾಡೆಲ್ಲ ತಡಕಿದ್ದರು. ಈಗ ಮೇ ತಿಂಗಳ ಕೊನೆಯ ಭಾನುವಾರ. ನಾಳೆ ಹಗ್ಗಗಳನ್ನು ಸುತ್ತಿಟ್ಟರೆ ಮಳೆ ಮುಗಿಯುವವರೆಗೆ ಬಿಚ್ಚುವಂತಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯೇ ಕೊನೆ. ಅದನ್ನು ಮುಗಿಸಿದ ಮಂಜಿರಿ ಜೂನ್‌ನಲ್ಲಿ ಭೋರ್ ಪಟ್ಟಣದ ಸೋದರತ್ತೆಯ ಮನೆಗೆ ಹೋಗಿ ಅಲ್ಲಿಯ ಶಾಲೆ ಸೇರುತ್ತಾಳೆ. ಇಳಿದರೆ ಇವತ್ತು ಇಳಿಯಬೇಕು.

"ಬಾಬಾ, ಇವತ್ತರೆ?" ಎಂದು ಬೆಳಿಗ್ಗೆ ಕೇಳಿದ್ದಳು.

"ಇವತ್ತು ನಕ್ಕಿ. ಖಂಡಿತ ಇಳಸ್ತೀನಿ."

"ದೀಪಾವಳಿಗೂ ನಕ್ಕಿ ಅಂದಿದ್ದಿ, ಸಂಕ್ರಾಂತಿಗೂ ನಕ್ಕಿ ಅಂದಿದ್ದಿ. ನಿನ್ನ ನಕ್ಕಿ ಅಂದ್ರ ಏನಂತ ನಮ್ಮ ವರ್ಗದಾಗ ಎಲ್ಲಾರಿಗೂ ಗೊತ್ತಾಗೇದ."

ಕೊಂಡಿಬಾ ತಟ್ಟೆಯ ಭಾಕರಿ ರೊಟ್ಟಿ ಮುರಿದ.

ಅವತ್ತು ಬಂದವರು ಪುಣೆಯ ಒಂದು ಹೌಸಿಂಗ್ ಸೊಸೈಟಿಯವರು. ಬಸ್ಸಿನ ಮೇಲೆ ಅವರು ಹೇರಿಕೊಂಡು ತಂದ ಸಾಮಾನಿನಲ್ಲಿ ಎರಡು ಮದುವೆ, ಒಂದು ಮುಂಜಿ ಮಾಡಬಹುದಿತ್ತು. ಸೊಸೈಟಿಯ ಅಧ್ಯಕ್ಷರು ತಾತ್ಯಾಸಾಹೇಬ ಗುಂಜಾಳ, ಹೊಟ್ಟೆ ಮುಂದೆ, ತಾವು ಹಿಂದೆ ನಡೆಯುವ ಆಳು. ಕಾರ್ಯದರ್ಶಿ ಕುಂದಾ ವೈನಿ, ಸೊಸೈಟಿಗೆಲ್ಲ ಅತ್ತಿಗೆ. ಈ ವೈನಿಯ ಕೈಚೀಲದಲ್ಲಿ ಶಾಲು, ತೆಂಗಿನಕಾಯಿ, ಕುಂಕುಮದ ಡಬ್ಬಿ, ರಿಬ್ಬನ್ನು, ಕತ್ತರಿ ಸದಾ ಸಿದ್ಧ. ಯಾವ ಊರಿನ ಯಾವ ಮೂಲೆಯಲ್ಲಿ ನಿಲ್ಲಿಸಿದರೂ ಅರೆಗಳಿಗೆಯಲ್ಲಿ ಒಂದು ಸಮಾರಂಭ ನಡೆಸಿಬಿಡುವ ಹೆಂಗಸು.

ನಡೆಸಿಯೂ ಬಿಟ್ಟರು. ಬಂಡೆಯ ತಲೆಯ ಮೇಲೆ ಜಮಖಾನೆ ಹಾಸಿ ಮೊದಲು ಓಕ ಸಾಹೇಬರಿಗೆ ಸತ್ಕಾರ. ಆಮೇಲೆ ಅಡುಗೆಯವನಿಗೆ, ಆಮೇಲೆ ಬಸ್ಸಿನ ಡ್ರೈವರಿಗೆ. ಪ್ರತಿಯೊಬ್ಬರಿಗೂ ಶಾಲು, ಕಾಯಿ, ಪರಿಚಯದ ನಾಲ್ಕು ಮಾತು. ನಾಲ್ಕು ಎಂದರೆ ನಾಲ್ಕಲ್ಲ. ಡ್ರೈವರನ ಪರಿಚಯ ಮುಗಿಯುವಷ್ಟರಲ್ಲಿ ಅವನ ಗಡ್ಡ ಎರಡು ಬೆರಳು ಬೆಳೆದಿತ್ತು. ಊರ ಮಕ್ಕಳು ಆಚೆಯ ಹಿರಡಾ ಮರದ ನೆರಳಿನಲ್ಲಿ ಬೆಳಗಿನಿಂದ ಸಾಲಾಗಿ ಕೂತಿದ್ದರು. ನೆರಳು ಸರಿದಂತೆ ಅವರೂ ಸರಿದು, ಮರವನ್ನು ಅರ್ಧ ಸುತ್ತು ಹಾಕಿದ್ದರು.

"ಸಾಹೇಬ್ರ, ಬಿಸಲು ಏರಾಕತ್ತದ. ಬಂಡಿಗಲ್ಲು ಕಾದ್ರ ಅಂಗೈ ಸುಡ್ತಾವ. ಇಳಿಯೂದು ಸುರು ಮಾಡೂಣೇನು?" ಎಂದ ಕೊಂಡಿಬಾ.

"ಅರೇ ಕೊಂಡಿಬಾ, ನಿನ್ನ ಸತ್ಕಾರ ಇನ್ನೂ ಬಾಕಿ ಅದಲ್ಲೋ," ಎಂದರು ತಾತ್ಯಾಸಾಹೇಬರು.

"ನನಗ ಬ್ಯಾಡ್ರೀ."

"ಬ್ಯಾಡ ಅನ್ನೂದು ನಿನ್ನ ದೊಡ್ಡತನ. ಹೊದಸೂದು ನಮ್ಮ ಧರ್ಮ."

ಮೇ ತಿಂಗಳ ಬಿಸಿಲಿನಲ್ಲಿ ಉಣ್ಣೆಯ ಶಾಲು ಹೊದಿಸಿದರು. ಹಪ್ಪಳವನ್ನು ಹೆಗಲ ಮೇಲಿಟ್ಟಿದ್ದರೆ ಅರಳುತ್ತಿತ್ತು. ಕೊಂಡಿಬಾ ಹಲ್ಲು ಕಚ್ಚಿ ನಿಂತ. ಮರದ ಕಡೆಯಿಂದ ಮಂಜಿರಿ ಅವನನ್ನೇ ನೋಡುತ್ತಿದ್ದಳು. ಆ ನೋಟ ಶಾಲಿಗಿಂತ ಬಿಸಿ.

ಊಟವಾಯಿತು. ಊಟದ ಮೇಲೆ ಮಲಗುವುದಾಯಿತು. ಎದ್ದ ಮೇಲೆ ಚಹಾ. ಕೊನೆಗೆ ಎಲ್ಲರೂ ಬಂಡೆಯ ತಲೆಗೆ ಮರಳಿ, ಸೊಂಟಕ್ಕೆ ಪಟ್ಟಿ ಬಿಗಿಸಿಕೊಂಡು, ತಲೆಗೆ ಹೆಲ್ಮೆಟ್ ಹಾಕಿಕೊಂಡು ನಿಂತಾಗ ಕೊಂಡಿಬಾ ಒಂದು ತಪ್ಪು ಮಾಡಿದ. ಅವರಿಗೆ ಧೈರ್ಯ ಬರಲೆಂದು, ಬಂಡೆಯ ಮೇಲಿಂದ ಇಳಿಬಿಟ್ಟಿದ್ದ ಕೆಂಪು ಹಗ್ಗವನ್ನು ತಟ್ಟಿ, "ಇದು ಕೋರಾ ಹಗ್ಗ ರೀ. ನಿನ್ನೆ ಬಂದದ್ದು. ಇದರ ಮ್ಯಾಲೆ ಇನ್ನೂ ಯಾರೂ ಇಳಿದಿಲ್ಲ," ಎಂದ.

ಕುಂದಾ ವೈನಿಯ ಕಿವಿ ನಿಮಿರಿತು. "ಹೊಸಾದು? ಹಂಗಾರ ಇದರ ಉದ್ಘಾಟನಾ ಆಗಿಲ್ಲ?"

"ಹಗ್ಗಕ್ಕ ಯಾತರ ಉದ್ಘಾಟನಾ ರೀ ವೈನಿ?"

"ನಮ್ಮ ಸೊಸೈಟಿಯ ನೀರಿನ ಟಾಕಿಗೆ ಮಾಡೀವಿ. ಲಿಫ್ಟಿಗೆ ಮಾಡೀವಿ. ಕಸದ ಡಬ್ಬಿಗೂ ಮಾಡೀವಿ. ಜೀವ ಹಿಡಿಯೂ ಹಗ್ಗಕ್ಕ ಮಾಡಬಾರದೇನು?"

ಕೊಂಡಿಬಾ ಓಕ ಸಾಹೇಬರ ಮುಖ ನೋಡಿದ. ಓಕ ಸಾಹೇಬರು ಮೋಡ ನೋಡಿದರು.

ಹಗ್ಗದ ಒಂದು ತುದಿ ಅಂಚಿನ ಹತ್ತಿರದ ಇನ್ನೊಂದು ಮರದ ಬುಡಕ್ಕೆ ಬಿಗಿದಿತ್ತು, ಇನ್ನೊಂದು ಅಂಚಿನಾಚೆ ಬಂಡೆಯ ಬುಡದವರೆಗೆ ಇಳಿದು ಅಲ್ಲೂ ಒಂದಿಷ್ಟು ಸುತ್ತಿ ಬಿದ್ದಿತ್ತು. ಮರಕ್ಕೂ ಅಂಚಿಗೂ ನಡುವೆ ಬಿಗಿಯಾಗಿದ್ದ ಕಡೆ ವೈನಿ ರಿಬ್ಬನ್ನು ಕಟ್ಟಿದರು. ರಿಬ್ಬನ್ನೂ ಕೆಂಪು. ತಾತ್ಯಾಸಾಹೇಬರು ಫೋಟೊದಲ್ಲಿ ವಯಸ್ಸು ಕಾಣಬಾರದೆಂದು ಕನ್ನಡಕ ತೆಗೆದು ಜೇಬಿಗಿಟ್ಟರು. ವೈನಿಯ ಕತ್ತರಿಯೋ, ಅದನ್ನು ನೋಡಿದರೆ ಆನೆ ಕೂಡ ದಾರಿ ಬಿಡಬೇಕು, ಅಂಥದ್ದು. ಕಾಯಿ ಒಡೆದರು. ತಾತ್ಯಾಸಾಹೇಬರು ಕತ್ತರಿ ಬಾಯಿ ತೆರೆದು, ಕೆಂಪಾಗಿ ಕಂಡದ್ದನ್ನು ಒಂದೇ ಒತ್ತಿಗೆ ಕತ್ತರಿಸಿದರು.

ರಿಬ್ಬನ್ನು ಹಾಗೆಯೇ ಇತ್ತು. ಹಗ್ಗ ಎರಡಾಯಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಚಿನ ಕಡೆಯ ತುಂಡು ಹಾವಿನಂತೆ ಸರಸರನೆ ಜಾರಿ ಬಂಡೆಯಿಂದ ಬೀಳಲು ಹೊರಟಿತ್ತು. ಕೊಂಡಿಬಾ ಹಾರಿ ಅದನ್ನು ಕಾಲಲ್ಲಿ ಮೆಟ್ಟಿ ಹಿಡಿದ. ಅವನ ಹಾರಾಟ ಕಂಡಿದ್ದರೆ ಚಿರತೆಗಳು ನಾಚಿ ಊರು ಬಿಡುತ್ತಿದ್ದವು. ಬಾಯಿಗೆ ಬಂದ ಬೈಗುಳವನ್ನು ನುಂಗಿ, ತುಂಡನ್ನು ಮೇಲೆಳೆದು ಅಂದಾಜು ಮಾಡಿದ. ಮರಕ್ಕೆ ಮತ್ತೆ ಬಿಗಿದರೂ ತುದಿ ನೆಲ ಮುಟ್ಟುತ್ತದೆ. ಹೇಗೋ ಮುಟ್ಟುತ್ತದೆ. ಇನ್ನೊಂದು ಮಾರು ಕಡಿಮೆಯಾದರೂ ಮುಟ್ಟುವುದಿಲ್ಲ. ಇಳಿಯುವವರ ಸೊಂಟಕ್ಕೆ ಕಟ್ಟಿ ಮೇಲಿಂದ ಹಿಡಿದುಕೊಳ್ಳಲು ಹಳೆಯ ಹಗ್ಗ ಇದ್ದೇ ಇತ್ತು. ಸೂರ್ಯ ಇನ್ನೂ ಮೇಲಿದ್ದ. ಮರಕ್ಕೆ ಗಂಟು ಹಾಕತೊಡಗಿದ.

ಆಗ ಕ್ಯಾಮೆರಾ ಹಿಡಿದಿದ್ದ ತಾತ್ಯಾಸಾಹೇಬರ ಅಳಿಯ ಗಂಟಲು ಸರಿಮಾಡಿಕೊಂಡ. ಮದುವೆಯಾಗಿ ಆರು ತಿಂಗಳಾಗಿರದ ಅಳಿಯ. ಬೆಳಗಿನಿಂದ ಅವನು ಸೀನಿದರೂ ನಾಲ್ಕು ಜನ ಕರವಸ್ತ್ರ ಹಿಡಿದು ಓಡಿಬರುತ್ತಿದ್ದರು.

"ಮಾವಾರ ಕಣ್ಣು ಮುಚ್ಚ್ಯಾವ. ಇನ್ನೊಮ್ಮೆ ಮಾಡಿದ್ರ ಛಲೋ ಬರ್ತದ," ಎಂದ.

ಇನ್ನೊಮ್ಮೆ ಏನನ್ನು ಕತ್ತರಿಸುವುದೆಂದು ಯಾರೂ ಕೇಳಲಿಲ್ಲ. ಅಳಿಯ ಹೇಳಿದ್ದು ಹೇಳಿದ್ದೇ. ವೈನಿ ಇದ್ದ ರಿಬ್ಬನ್ನನ್ನೇ ಬಿಚ್ಚಿ, ಕೊಂಡಿಬಾ ಆಗಷ್ಟೇ ಬಿಗಿದ ತುಂಡಿಗೆ ಕಟ್ಟಿದರು. "ತಾತ್ಯಾ, ಈ ಸಲ ಕಣ್ಣು ಅಗಲ ಮಾಡ್ರಿ."

ತಾತ್ಯಾಸಾಹೇಬರು ಕಣ್ಣು ಅಗಲಿಸಿ, ಕತ್ತರಿಯ ಬಾಯಿಯನ್ನೂ ಅಗಲಿಸಿ, ಕ್ಯಾಮೆರಾದ ಕಡೆ ನಗುತ್ತ ಹಗ್ಗಕ್ಕೆ ಕೈಹಾಕಿದರು.

ಕೊಂಡಿಬಾನ ಕೈ ಹೇಗೆ ಹೋಯಿತೋ ಅವನಿಗೇ ತಿಳಿಯಲಿಲ್ಲ. ಕತ್ತರಿ ತಾತ್ಯಾಸಾಹೇಬರ ಮುಷ್ಟಿಯಿಂದ ಅವನ ಮುಷ್ಟಿಗೆ ಬಂದಿತ್ತು. ಅಂಚಿಗೆ ಹೋಗಿ ಬಗ್ಗಿ ನೋಡಿದ. ಅಷ್ಟು ಸಿಟ್ಟಿನಲ್ಲೂ, "ಕೆಳಗ ಯಾರಿದ್ದೀರಿ, ಸರೀರಿ," ಎಂದು ಕೂಗಿದ. ಯಾರೂ ಇರಲಿಲ್ಲ. ಕತ್ತರಿಯನ್ನು ಬೀಸಿ ಒಗೆದ. ಅದು ನೆಲ ಮುಟ್ಟಿದ ಸದ್ದು ಇದುವರೆಗೆ ಯಾರಿಗೂ ಕೇಳಿಸಿಲ್ಲ.

"ನನ್ನ ತವರುಮನಿ ಕತ್ತರಿ," ಎಂದರು ವೈನಿ, ಬಹಳ ಮೆಲ್ಲಗೆ.

"ಓಕ ಸಾಹೇಬ್ರ," ಎಂದರು ತಾತ್ಯಾಸಾಹೇಬರು, "ಇಂಥಾ ಮನಶಾನ ಕೈಯಾಗ ನಾವು ಜೀವ ಕೊಡಬೇಕೇನು? ನಮ್ಮ ಪೈಕಿ ಒಬ್ಬರೂ ಇಳಿಯೂದಿಲ್ಲ. ನಡೀರಿ ಎಲ್ಲಾರೂ, ಬಸ್ಸು ಹತ್ತೂಣು."

ಇಳಿಯಬೇಕಾಗಿಲ್ಲ ಎಂದು ಕೇಳಿದ್ದೇ ಸೊಸೈಟಿಯವರಲ್ಲಿ ಹಲವರ ಮುಖಕ್ಕೆ ರಕ್ತ ಮರಳಿತು. ಬಸ್ಸಿನ ಕಡೆ ಅವರು ನಡೆದ ವೇಗದಲ್ಲಿ ಬಂಡೆಯ ಮೇಲೆ ಧೂಳೆದ್ದಿತು.

ಓಕ ಸಾಹೇಬರು ಹಿಂದೆ ಉಳಿದರು. "ಹೋಗಿ ಮಾಫೀ ಕೇಳು ಕೊಂಡಿಬಾ. ಇಲ್ಲಾ ಅಂದ್ರ ಮಳಿ ಮುಗದ ಮ್ಯಾಲೆ ನಿನ್ನ ಜಾಗಾದಾಗ ಬ್ಯಾರೆ ಯಾರರೆ ಇರ್ತಾರ."

"ಕೇಳ್ತೀನಿ. ಆದ್ರ ಈಗಲ್ಲ. ದುಡ್ಡು ಕೊಟ್ಟವರ ಸರದಿ ಮುಗೀತಲ್ಲರೀ?"

"ಅವರು ಇಳದಽ ಇಲ್ಲ."

"ಇಳಿಯೂದಿಲ್ಲ ಅಂತ ಅವರ ಬಾಯಿಂದನ ಕೇಳಿದ್ರಿ. ಬೆಳಕೂ ಉಳದದ. ನಿಯಮ ನಿಮ್ಮದ ಸಾಹೇಬ್ರ."

ಓಕ ಸಾಹೇಬರು ಬಸ್ಸಿನ ಹಿಂದೆ ಓಡಿದರು. ನಿಂತು ನಿಯಮ ಬದಲಿಸುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತಿತ್ತು. ಕೊಂಡಿಬಾ ಹಿರಡಾ ಮರದ ಕಡೆ ತಿರುಗಿ ಕೈ ಬೀಸಿದ.

ಮಕ್ಕಳು ಓಡಿ ಬಂದರು. ಬಂದವರು ಅಂಚಿನಿಂದ ಹತ್ತು ಹೆಜ್ಜೆ ಹಿಂದೆ ನಿಂತುಬಿಟ್ಟರು.

"ಮಂಜೇ, ನೀನಽ ಮೊದಲ ಇಳಿ. ನಿಮ್ಮಪ್ಪನ ಹಗ್ಗ," ಎಂದ ಒಬ್ಬ.

"ಬೆಳಗಿಂದ ನಾ ಮೊದಲು, ನಾ ಮೊದಲು ಅಂತಿದ್ದಿ?"

"ನನಗ ಮುಂಜಾನೆ ಇದ್ದ ಧೈರ್ಯ ಈಗ ಇಲ್ಲ."

ಮಂಜಿರಿ ಮುಂದೆ ಬಂದಳು. ಕೊಂಡಿಬಾ ಅವಳ ಸೊಂಟದ ಪಟ್ಟಿಯನ್ನು ಬಿಗಿದ, ಎಳೆದು ನೋಡಿದ, ಮತ್ತೆ ಬಿಗಿದ. ಅರ್ಧ ಮಹಾರಾಷ್ಟ್ರಕ್ಕೆ ಒಂದು ಸಲ ನೋಡಿದವನು ಇವಳಿಗೆ ನಾಲ್ಕು ಸಲ ನೋಡಿದ. "ಅವಸರ ಮಾಡಬ್ಯಾಡ. ಕಾಲು ಅಗಲ ಇಡು. ಹಿಂದಕ್ಕ ವಾಲು. ನಾ ಮ್ಯಾಲಿಂದ ಹಿಡದಿರ್ತೀನಿ."

ಅವಳು ಬೆನ್ನು ಮಾಡಿ ಅಂಚು ದಾಟಿದಳು. ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ಹೆಲ್ಮೆಟ್ಟಿನ ತುದಿ ಮರೆಯಾಯಿತು. ಆಮೇಲೆ ಕೊಂಡಿಬಾನಿಗೆ ಅವಳು ಕಾಣಲಿಲ್ಲ. ಕೈಯಲ್ಲಿದ್ದ ಹಳೆಯ ಹಗ್ಗ ಒಂದೊಂದೇ ಗೇಣು ಜಾರುತ್ತಿತ್ತು. ಹೀಗೆ ಇಳಿದರೆ ಬೆಳಕಿರುವಾಗಲೇ ಎಲ್ಲರ ಸರದಿಯೂ ಮುಗಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದ. ಅಷ್ಟರಲ್ಲಿ ಹಗ್ಗ ನಿಂತಿತು.

"ಮಂಜೇ, ಏನಾತು?"

ಅಂಚಿನ ಕಡೆ ಕಿವಿಗೊಟ್ಟ. ಅವನ ಎದೆ ಬಡಿದುಕೊಂಡ ಸದ್ದಿಗೆ ಆಚೆಯ ಕಣಿವೆಯಲ್ಲಿ ನವಿಲುಗಳು ಎದ್ದವು.

"ಮಂಜೇ."

"ಏನೂ ಆಗಿಲ್ಲ ಬಾಬಾ. ನಮ್ಮ ಮನಿ ಕಾಣಸ್ತದ. ಆಯಿ ಹಿತ್ತಲದಾಗ ಭಾಂಡೆ-ಪಾತ್ರಿ ತಿಕ್ಕಾಕತ್ತಾಳ. ನೋಡಾಕತ್ತೀನಿ."

"ಅದನ್ನ ದಿನಾ ನೋಡ್ತಿ. ಲಗೂನ ಇಳಿ. ಹಿಂದ ಇಡೀ ವರ್ಗ ನಿಂತದ, ಹೊತ್ತು ಮುಳಗಾಕತ್ತದ."

"ಇಲ್ಲಿಂದ ಎಂದೂ ನೋಡಿಲ್ಲ. ಅವಸರ ಮಾಡಬ್ಯಾಡ ಅಂತ ನೀನಽ ಅಂದಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸೂರ್ಯ ಎದುರಿನ ಗುಡ್ಡಕ್ಕೆ ಗಲ್ಲ ತಾಗಿಸಿದ್ದ. ಕೊಂಡಿಬಾ ಹಲ್ಲು ಕಡಿದ. ಬೆಳಗಿನಿಂದ ಕಡಿದು ಕಡಿದು ಅವು ಅರ್ಧ ಸವೆದಿದ್ದವು. ಹಿಮ್ಮಡಿಯನ್ನು ಬಂಡೆಯ ಬಿರುಕಿಗೆ ಊರಿ, ಮಗಳ ಭಾರವನ್ನು ಸೊಂಟಕ್ಕೆ ತೆಗೆದುಕೊಂಡು, ಹಗ್ಗ ಬಿಗಿಹಿಡಿದು ಕೂತ.

"ನೋಡು ಮಾರಾಯ್ತಿ, ನೋಡು," ಎಂದ. "ಮುಗದ ಮ್ಯಾಲೆ ಹೇಳು."

ಹೇಳಲು ಅವಳು ಸಾಕಷ್ಟು ಹೊತ್ತು ತೆಗೆದುಕೊಂಡಳು.