ಮೊದಲು ಬಿಚ್ಚಿದ ಚೈನು

ಸಮೀವುಲ್ಲಾ ಹೆಂಡತಿಯ ಮೇಲೆ ಎಂದೂ ಕೈ ಎತ್ತಿದವನಲ್ಲ, ದನಿ ಎತ್ತಿದ್ದೂ ಕಡಿಮೆ. ಅವಳು ಏನು ಕೇಳಿದರೂ ‘ಆಯ್ತು’ ಅನ್ನುತ್ತಿದ್ದ. ಹಾಗಾಗಿ ಐರ್ಲೆಂಡಿನ ಗಾಲ್ವೇಯ ಕನ್ನಡದವರ ನಡುವೆ ಅವನಿಗೆ ಒಳ್ಳೆಯ ಗಂಡ ಎಂಬ ಹೆಸರಿತ್ತು. ಆ ಹೆಸರಿಗೆ ಮಸಿ ಹತ್ತದಂತೆ ಹೆಂಡತಿಯ ಕೆಲಸ ಕೆಡಿಸುವುದು ಹೇಗೆ ಎಂಬುದೇ ಆ ಭಾನುವಾರ ಮಧ್ಯಾಹ್ನ ಅವನ ಮುಂದಿದ್ದ ಪ್ರಶ್ನೆ.

ವಿಷಯ ಇಷ್ಟೇ. ಮಾರನೆಯ ದಿನ ಬೆಳಿಗ್ಗೆ ಹೆಂಡತಿ ಶಹರ್ ಬಾನುವಿಗೆ ಮೋಟಾರ್ ಸೈಕಲ್ಲಿನ ಲೈಸೆನ್ಸ್ ಟೆಸ್ಟು ಇತ್ತು. ಅಥೆನ್‌ರೈ ಊರಿನ ಸುತ್ತಮುತ್ತಲ ಮನೆಗಳಿಗೆ ಹೋಗಿ ವಯಸ್ಸಾದವರನ್ನು ಎಬ್ಬಿಸಿ, ಮೈ ತೊಳೆಸಿ, ತಿಂಡಿ ಕೊಡುವ ಕೆಲಸವೊಂದು ಅವಳಿಗಾಗಿ ಕಾದಿತ್ತು. ಆ ಹಳ್ಳಿ ರಸ್ತೆಗಳಲ್ಲಿ ಬಸ್ಸಿಲ್ಲ. ಇದ್ದೊಂದು ಕಾರು ಬೆಳಿಗ್ಗೆಯೇ ಸಮೀವುಲ್ಲಾನ ಜೊತೆ ಅವನ ಆಫೀಸಿದ್ದ ಪಾರ್ಕ್‌ಮೋರ್‌ಗೆ ಹೊರಟುಬಿಡುತ್ತಿತ್ತು. ಪೂರ್ತಿ ಲೈಸೆನ್ಸ್ ಇದ್ದರೆ ಈ ವಾರವೇ ಬನ್ನಿ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಕೆಲಸ ಕೊಡುವವರು ಮರ್ಯಾದೆಯಿಂದಲೇ ಹೇಳಿದ್ದರು. ಈ ಟೆಸ್ಟು ತಪ್ಪಿದರೆ ಇನ್ನೊಂದು ತಾರೀಖು ಸಿಗುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು.

ಇದರಲ್ಲಿ ಸಮೀವುಲ್ಲಾನಿಗೇನು ಸಂಕಟ? ಆ ಬೈಕು ಮೊದಲು ಅವನದು. ಆಸೆಪಟ್ಟು ಕೊಂಡು, ‘ಎಲ್’ ಅಂಟಿಸಿದ ಹಳದಿ ಅಂಗಿ ತೊಟ್ಟು, ಎರಡು ಸಲ ಟೆಸ್ಟಿಗೆ ಹೋಗಿ ಎರಡು ಸಲವೂ ಡುಮ್ಕಿ ಹೊಡೆದಿದ್ದ. ಮೊದಲ ಸಲ ಕನ್ನಡಿ ನೋಡಲಿಲ್ಲ. ಎರಡನೇ ಸಲ, ಬೆಂಗಳೂರಲ್ಲಿ ಓಡಿಸಿದವನಿಗೆ ಇದೆಲ್ಲ ಯಾವ ಲೆಕ್ಕ ಎಂದು ಟೆಸ್ಟರಿಗೇ ಪಾಠ ಹೇಳಲು ಹೋಗಿದ್ದ. ಆಮೇಲೆ ಬೈಕು ಹಿತ್ತಲ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಕೂತಿತ್ತು. ಬಾನು ಆ ಹೊದಿಕೆ ತೆಗೆದು, ಹಿಜಾಬಿನ ಮೇಲೆ ಹೆಲ್ಮೆಟ್ ಹಾಕಿಕೊಂಡು, ಗಾಳಿ ಮಳೆ ಅನ್ನದೆ ಕಲಿತಳು. ಅವಳು ಮೊದಲ ಸಲಕ್ಕೇ ಪಾಸಾಗುತ್ತಾಳೆ ಎಂಬುದು ಅವನಿಗೆ ಖಾತ್ರಿಯಾಗಿತ್ತು. ಶುಕ್ರವಾರ ನಮಾಜ್ ಮುಗಿಸಿ ಹೊರಗೆ ಬಂದಾಗ ಯಾರಾದರೂ, “ಏನ್ ಭಾಯ್, ಭಾಬಿ ಪಾಸಂತೆ, ನಿಮ್ದೇನಾಯ್ತು?” ಎಂದು ಕೇಳಿದರೆ ಮುಖ ಎಲ್ಲಿಟ್ಟುಕೊಳ್ಳುವುದು? ಹೊಟ್ಟೆಕಿಚ್ಚು ಎಂಬ ಮಾತನ್ನು ಅವನು ತನಗೆ ತಾನೂ ಹೇಳಿಕೊಂಡಿರಲಿಲ್ಲ. ಅದು ಹೊಟ್ಟೆಕಿಚ್ಚೇ.

ಅವನ ಅದೃಷ್ಟಕ್ಕೆ ಬೈಕಿನ ಚೈನು ಸವೆದು ಜೋತುಬಿದ್ದಿತ್ತು. ಹಿಂದಿನ ಚಕ್ರದಲ್ಲಿ ಚೈನು ಸುತ್ತುವ ಸ್ಪ್ರಾಕೆಟ್ಟಿನ ಹಲ್ಲುಗಳು ಬೆಕ್ಕಿನ ಉಗುರಿನ ಹಾಗೆ ಒಂದು ಕಡೆಗೆ ಬಾಗಿದ್ದವು. ಟೆಸ್ಟರ್ ಮೊದಲು ಗಾಡಿಯನ್ನೇ ನೋಡುತ್ತಾರೆ, ಇದನ್ನು ಕಂಡರೆ ಹಾಗೇ ಮನೆಗೆ ಕಳಿಸುತ್ತಾರೆ, ಚೈನು ಮತ್ತು ಎರಡು ಸ್ಪ್ರಾಕೆಟ್ಟು ಮೂರನ್ನೂ ಒಟ್ಟಿಗೇ ಬದಲಾಯಿಸಿ ಎಂದು ಬಾನುವಿಗೆ ಕಲಿಸಿದಾತ ಹೇಳಿದ್ದ. ಅವಳು ಸಾಮಾನು ತರಿಸಿದಳು. ಹಾಕುವ ಕೆಲಸ ಯಾರದು ಎಂದು ಕೇಳುವ ಹಾಗೇ ಇರಲಿಲ್ಲ. ಈದ್ ಊಟವಿರಲಿ, ಯಾರದೋ ಮಗುವಿನ ಬರ್ತ್‌ಡೇ ಇರಲಿ, ಶಿವಾಜಿನಗರದ ಮಾಮುವಿನ ಗ್ಯಾರೇಜಿನಲ್ಲಿ ತಾನು ಸ್ಪ್ಯಾನರ್ ಹಿಡಿದೇ ಬೆಳೆದದ್ದು ಎಂದು ಸಮೀವುಲ್ಲಾ ಹೇಳದೆ ಎದ್ದದ್ದಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಅದು ಬುರುಡೆಯಲ್ಲ. ಅವನಿಗೆ ನಿಜವಾಗಿಯೂ ಕೆಲಸ ಗೊತ್ತಿತ್ತು.

ಗೊತ್ತಿದ್ದದ್ದರಿಂದಲೇ ಅದನ್ನು ಕೆಡಿಸುವ ದಾರಿಯೂ ಗೊತ್ತಿತ್ತು. ಎಂಜಿನ್ನಿನ ಪಕ್ಕದ ಚಿಕ್ಕ ಸ್ಪ್ರಾಕೆಟ್ಟನ್ನು ಒಂದು ದೊಡ್ಡ ನಟ್ಟು ಬಿಗಿಯಾಗಿ ಹಿಡಿದಿರುತ್ತದೆ. ಚೈನು ಸ್ಪ್ರಾಕೆಟ್ಟಿನ ಮೇಲಿರುವಾಗಲೇ ಆ ನಟ್ಟನ್ನು ಸಡಿಲಿಸಬೇಕು. ಗಾಡಿಯನ್ನು ಗೇರಿಗೆ ಹಾಕಿ, ಒಬ್ಬರು ಹಿಂದಿನ ಬ್ರೇಕು ಒತ್ತಿ ನಿಂತರೆ, ಚೈನು ಆ ಸ್ಪ್ರಾಕೆಟ್ಟನ್ನು ಅಲುಗಾಡದಂತೆ ಹಿಡಿಯುತ್ತದೆ, ನಟ್ಟು ಬಿಚ್ಚುತ್ತದೆ. ಚೈನನ್ನು ಮೊದಲು ತೆಗೆದರೆ ಹಿಡಿಯುವುದಕ್ಕೆ ಏನೂ ಇಲ್ಲ, ತಿರುಗಿಸಿದ ಹಾಗೆಲ್ಲ ನಟ್ಟಿನ ಜೊತೆ ಸ್ಪ್ರಾಕೆಟ್ಟೂ ತಿರುಗುತ್ತದೆ. ಮಾಮುವಿನ ಗ್ಯಾರೇಜಿನಲ್ಲಿ ಹಾಗೆ ಮಾಡಿದವನಿಗೆ ಸಂಜೆಯವರೆಗೂ ಚಹಾ ತರುವ ಕೆಲಸ ಮಾತ್ರ ಸಿಗುತ್ತಿತ್ತು. ಸಮೀವುಲ್ಲಾ ಶೆಡ್ಡಿನ ಬಾಗಿಲು ಸ್ವಲ್ಪ ಮುಂದಕ್ಕೆಳೆದುಕೊಂಡ. ಆಮೇಲೆ ಚೈನಿನ ಜೋಡಣೆಯ ಕ್ಲಿಪ್ಪು ಕಿತ್ತು, ಚೈನನ್ನು ಎಳೆದು ಹಳೆಯ ಪೇಪರಿನ ಮೇಲೆ ಹಾಕಿದ.

ಬಾನು ಬಂದು ಬಾಗಿಲಲ್ಲಿ ನಿಂತಳು. “ಏನಾಯ್ತು ರೀ?”

“ನಟ್ ಜಾಮ್ ಆಗೋಗಿದೆ. ಸಮುದ್ರದ ಗಾಳಿ ನೋಡು, ತುಕ್ಕು. ತಿರುಗಿಸಿದ್ರೆ ಸ್ಪ್ರಾಕೆಟ್ಟೂ ಜೊತೆಗೇ ತಿರುಗುತ್ತೆ.”

“ಬೇರೆ ಏನೂ ಮಾಡೋಕಾಗಲ್ವಾ?”

“ಭಾನುವಾರ, ಗ್ಯಾರೇಜ್ ಎಲ್ಲಾ ಕ್ಲೋಸು. ಟೆಸ್ಟ್ ಇನ್ನೊಂದ್ಸಲ ತಗೊಂಡ್ರಾಯ್ತು ಬಾನು. ಆ ಕೆಲಸ ಅಲ್ದಿದ್ರೆ ಇನ್ನೊಂದು.”

ಬಾನು ಪೇಪರಿನ ಮೇಲಿದ್ದ ಚೈನು ನೋಡಿದಳು, ನಟ್ಟು ನೋಡಿದಳು, ಅವನ ಮುಖ ನೋಡಿದಳು. “ಆಯ್ತು” ಎಂದು ಹೇಳಿ ಒಳಗೆ ಹೋದಳು. ಅವಳು ಅತ್ತಿದ್ದರೆ, ರೇಗಿದ್ದರೆ ಅವನು ಸಮಾಧಾನ ಮಾಡುತ್ತಿದ್ದ, ಅದಕ್ಕೆ ಬೇಕಾದ ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದ. ಅದಕ್ಕೆ ಅವಕಾಶವಾಗಲಿಲ್ಲವಲ್ಲ ಎಂದು ಅವನಿಗೇ ಬೇಜಾರಾಯಿತು. ಪಾಪ, ಎಷ್ಟು ಕಷ್ಟಪಟ್ಟು ಕಲಿತಿದ್ದಳು ಎಂದು ಮನಸ್ಸಿನಲ್ಲೇ ಮರುಗಿದ.

ಮರುಗಿ ಮುಗಿಸುವಷ್ಟರಲ್ಲಿ ಹೇಮಚಂದ್ರ ಬಂದ. ಅವನು ಮೈಸೂರಿನ ಹುಡುಗ, ಸಮೀವುಲ್ಲಾನ ಕಂಪನಿಯಲ್ಲೇ ಸಾಫ್ಟ್‌ವೇರ್ ಬರೆಯುವವನು. ಮನೆಯಲ್ಲಿ ಬಲ್ಬು ಹೋದರೆ ಹೆಂಡತಿ ಶುಭಾ ಹಾಕಬೇಕು, ಇವನು ಕೆಳಗೆ ನಿಂತು ಜೋಪಾನ ಎನ್ನುತ್ತಾನೆ. “ಸುಮ್ನೆ ಈ ಕಡೆ ಬಂದೆ ಸರ್” ಎನ್ನುತ್ತ ಬೈಕಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತ.

“ಚೈನ್ ಆಗ್ಲೇ ತೆಗೆದುಬಿಟ್ರಾ ಸರ್?”

“ಹ್ಞೂಂ.”

“ಅಲ್ಲ, ನಾನು ಒಂದು ವೀಡಿಯೋ ನೋಡ್ದೆ. ಅದ್ರಲ್ಲಿ ಮುಂದಿನ ನಟ್ ಲೂಸ್ ಮಾಡಿ ಆಮೇಲೆ ಚೈನ್ ತೆಗೀತಾರೆ. ಇಲ್ದಿದ್ರೆ ನಟ್ ಬಿಚ್ಚೋಕೆ ಆಗಲ್ವಂತೆ.”

ಸಮೀವುಲ್ಲಾ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ಪರ್ವಾಗಿಲ್ಲ ಬಿಡಿ ಸರ್” ಎಂದು ಹೇಮಚಂದ್ರ ದನಿ ತಗ್ಗಿಸಿದ. “ಎಲ್ರಿಗೂ ಆಗುತ್ತೆ. ಟಚ್ ಬಿಟ್ಟೋಗಿರುತ್ತೆ. ನಮ್ಮ ಪಕ್ಕದ್ಮನೆ ಐರಿಷ್ ಅಜ್ಜಿ ಟ್ರ್ಯಾಕ್ಟರ್ ಎಲ್ಲಾ ರಿಪೇರಿ ಮಾಡ್ತಾರೆ. ಕರ್ಕೊಂಡ್ ಬರ್ಲಾ?”

ಅವನ ದನಿಯಲ್ಲಿ ಕುಹಕವಿದ್ದಿದ್ದರೆ ಸಮೀವುಲ್ಲಾ ತಡೆದುಕೊಳ್ಳುತ್ತಿದ್ದ. ಅಲ್ಲಿದ್ದದ್ದು ಕನಿಕರ. ಬಲ್ಬು ಹಾಕಲು ಬಾರದವನು ಶಿವಾಜಿನಗರದವನ ಮೇಲೆ ಕನಿಕರಪಡುತ್ತಿದ್ದ. ಸೋಮವಾರ ಆಫೀಸಿನಲ್ಲಿ ಅದನ್ನೇ ಹೇಳುತ್ತಾನೆ, ಪಾಪ ನಮ್ಮ ಸರ್‌ಗೆ ವಯಸ್ಸಾಯಿತು ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾನೆ. ನಾನು ಬೇಕೆಂದೇ ಹೀಗೆ ಮಾಡಿದ್ದಪ್ಪಾ ಎಂದು ಇವನ ಹತ್ತಿರ ಬಾಯಿ ಬಿಡುವ ಹಾಗೂ ಇಲ್ಲ. ಮಾಮುವಿನ ಗ್ಯಾರೇಜು, ಅಲ್ಲಿಯ ಬೈಗುಳ, ಗ್ರೀಸಿನ ವಾಸನೆ ಎಲ್ಲ ಒಟ್ಟಿಗೇ ತಲೆಗೇರಿತು.

“ಯಾವ ಅಜ್ಜಿನೂ ಬೇಡ” ಎಂದ. “ಹಲ್ಲು ಎಷ್ಟು ಸವೆದಿದೆ ಅಂತ ನೋಡೋಕೆ ತೆಗೆದಿದ್ದೆ. ಈಗ ವಾಪಸ್ ಹಾಕ್ತೀನಿ, ನೋಡು. ಬಾನು, ಬಾ ಇಲ್ಲಿ, ಬ್ರೇಕ್ ಒತ್ತಬೇಕು.”

ಬಾನು ಕೂಡಲೇ ಬಂದಳು. ಆಗಲೇ ಶೂ ಹಾಕಿಕೊಂಡಿದ್ದಳು. ಹಳೆಯ ಚೈನು ಮತ್ತೆ ಏರಿತು, ಗಾಡಿ ಗೇರಿಗೆ ಬಿತ್ತು. ಬಾನು ಪೆಡಲಿನ ಮೇಲೆ ಮೈಭಾರ ಬಿಟ್ಟು ನಿಂತಳು. ಸಮೀವುಲ್ಲಾ ಉಸಿರು ಬಿಗಿಹಿಡಿದು ಒಂದೇ ಸಲ ಎಳೆದ. ನಟ್ಟು ಟಕ್ ಎಂದು ಸಡಿಲವಾಯಿತು.

“ಅಬ್ಬಾ ಸರ್” ಎಂದ ಹೇಮಚಂದ್ರ.

ಆ ಒಂದು ಮಾತು ಸಾಕಾಯಿತು. ಮುಂದಿನದನ್ನು ಸಮೀವುಲ್ಲಾ ಮಾಡಿದ ಅನ್ನುವುದಕ್ಕಿಂತ ಅವನ ಕೈ ಮಾಡಿತು. ಮುಂದಿನ ಸ್ಪ್ರಾಕೆಟ್ಟು ಬದಲಿಸಿದ, ಚಕ್ರ ಇಳಿಸಿ ಹಿಂದಿನದನ್ನೂ ಬದಲಿಸಿದ, ಬೋಲ್ಟುಗಳನ್ನು ಒಂದು ಬಿಟ್ಟು ಒಂದರಂತೆ ಬಿಗಿದ. ಹೊಸ ಚೈನು ಏರಿಸಿ, ಕ್ಲಿಪ್ಪಿನ ಮುಚ್ಚಿದ ತುದಿ ಗಾಡಿ ಹೋಗುವ ಕಡೆಗೇ ಇರಬೇಕು, ಇಲ್ಲದಿದ್ದರೆ ದಾರಿಯಲ್ಲಿ ಕಿತ್ತುಕೊಂಡು ಹೋಗುತ್ತದೆ ಎಂದು ಹೇಮಚಂದ್ರನಿಗೆ ಪಾಠ ಹೇಳಿದ. ಚೈನು ಎಷ್ಟು ಸಡಿಲ ಇರಬೇಕೆಂದು ಬೆರಳಿನಿಂದ ಎತ್ತಿ ತೋರಿಸಿದ. ಹೇಮಚಂದ್ರ ಅಬ್ಬಾ ಅಂದಷ್ಟೂ ಕೆಲಸ ಚೊಕ್ಕವಾಯಿತು. ಯಾವ ಟೆಸ್ಟರೂ ಬೆರಳಿಟ್ಟು ತೋರಿಸುವಂಥ ಕೊರತೆ ಅದರಲ್ಲಿ ಉಳಿಯಲಿಲ್ಲ. ಕೈ ತೊಳೆಯಲು ನಲ್ಲಿಯ ಕೆಳಗೆ ಹಿಡಿದಾಗಲೇ ತಾನು ಮಾಡಿದ್ದೇನು ಎಂಬುದು ಅವನಿಗೆ ಹೊಳೆದದ್ದು.

ಸೋಮವಾರ ಬಾನು ಪಾಸಾದಳು. ಶುಕ್ರವಾರ ನಮಾಜಿನ ನಂತರ ಜನ ಅವನು ಹೆದರಿದ್ದನ್ನೇ ಕೇಳಿದರು. ಅವನು ಚೈನಿನ ಕಥೆ ಹೇಳಿ ಅರ್ಧ ಮಾನ ಉಳಿಸಿಕೊಂಡ.

ಬಾನು ಮೊದಲ ದಿನದ ಕೆಲಸಕ್ಕೆ ಹೊರಟ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಕೈಗವಸು ಹಾಕಿಕೊಳ್ಳುತ್ತಿದ್ದಳು. ಸಮೀವುಲ್ಲಾ ಚಹಾದ ಮುಂದೆ ಕೂತಿದ್ದ. “ಚೈನ್ ಬಗ್ಗೆ ಟೆಸ್ಟರ್ ಏನಾದ್ರೂ ಅಂದ್ರಾ?” ಎಂದು ಕೇಳಿದ. ಆ ವಾರ ಅದು ಎಷ್ಟನೆಯ ಸಲವೋ.

“ಗ್ರ್ಯಾಂಡ್ ಅಂದ್ರು. ಹೇಳಿದ್ನಲ್ಲ.”

“ಹೇಮಚಂದ್ರ ಅವತ್ತು ಬಂದಿದ್ದು ಒಳ್ಳೇದೇ ಆಯ್ತು. ಅವನೂ ಸ್ವಲ್ಪ ಕಲಿತ್ಕೊಂಡ.”

“ಅವ್ರಾಗೇ ಬರ್ಲಿಲ್ಲ. ನಾನೇ ಫೋನ್ ಮಾಡ್ದೆ. ಆ ವೀಡಿಯೋನೂ ನಾನೇ ಕಳಿಸಿದ್ದು.”

ಸಮೀವುಲ್ಲಾ ಲೋಟ ಕೆಳಗಿಟ್ಟ. “ಗೊತ್ತಿದ್ರೆ ನೀನೇ ಹೇಳ್ಬೋದಿತ್ತಲ್ಲ ನಂಗೆ?”

ಬಾನು ಅವನನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟು ಆ ಭಾನುವಾರವೇ ಮುಗಿದುಹೋದಂತಿತ್ತು, ಅದರ ಜಾಗದಲ್ಲಿ ಏನು ಬಂದಿದೆಯೋ ಅವನಿಗೆ ತಿಳಿಯಲಿಲ್ಲ.

“ನನ್ನ ಮುಂದೆ ಕೆಟ್ಟೋರಾಗೋಕೆ ನಿಮಗೆ ಹೆದರಿಕೆ ಇಲ್ಲ ರೀ” ಎಂದಳು. “ಹೇಮಚಂದ್ರನ ಮುಂದೆ ದಡ್ಡರಾಗೋಕೆ ಹೆದರ್ತೀರಾ. ಅದಕ್ಕೇ ಅವ್ರನ್ನ ಕರೆಸ್ದೆ.”

ಸಮೀವುಲ್ಲಾ ಇಲ್ಲ ಅನ್ನಬೇಕೆಂದುಕೊಂಡ. ಅವಳು ಹೇಳಿದ ಎರಡರಲ್ಲಿ ಯಾವುದಕ್ಕೆ ಇಲ್ಲ ಅನ್ನುವುದೆಂದು ತೋಚದೆ ಲೋಟವನ್ನು ಮುಟ್ಟಿ ನೋಡಿ, “ಚಹಾ ಆರೋಗಿದೆ” ಎಂದ.

“ಬಿಸಿ ಮಾಡ್ಕೊಳ್ಳಿ” ಎಂದು ಹೇಳಿ ಬಾನು ಹೆಲ್ಮೆಟ್ ಎತ್ತಿಕೊಂಡು ಹೊರಟಳು.